ಎಲ್ಲರ ಫೋಟೋದಲ್ಲಿದ್ದ ಸೀರೆ

ಬ್ರಹ್ಮಪುರದ ನಮ್ಮ ಓಣಿಯಲ್ಲಿ ನನ್ನ ಬಾಯಿಗೆ ಹೆದರದವರು ಒಬ್ಬರೇ, ನಮ್ಮ ಮನೆಯವರು ದೌಲಪ್ಪ. ಅದೂ ಧೈರ್ಯದಿಂದಲ್ಲ, ಅವರಿಗೆ ಕಿವಿ ಮಂದ. ಉಳಿದವರೆಲ್ಲ ಮಲ್ಲಿಕಾಬಾಯಿ ಬಂದಳು ಅಂದರೆ ಕೂತಲ್ಲೇ ನೆಟ್ಟಗಾಗುತ್ತಾರೆ. ಬಾಯಿ ಇದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ನಮ್ಮವ್ವ ಗುರುಬಾಯಿ ಹೇಳುತ್ತಿದ್ದಳು. ಅವಳು ಬದುಕಿದ್ದೂ ಬಾಯಿಂದಲೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ನಮ್ಮ ಓಣಿಯಿಂದ ಸರಕಾರಿ ನೌಕರಿಗೆ ಹೋದ ಮೊದಲ ಹೆಣ್ಣು. ಊರಿನವರು ಪರವೂರಿನವರೊಡನೆ ಮಾತಾಡಬೇಕಾದರೆ ಅವಳ ಕೈ ದಾಟಿಯೇ ಮಾತು ಹೋಗಬೇಕಿತ್ತು.

ಓಣಿಯ ಬಾಯಲ್ಲಿ ಹಳೆಯ ಕಲ್ಲಿನ ಕಮಾನು ಇದೆ. ಅದರ ಪಕ್ಕದ ಗೋಡೆ ಪೋಸ್ಟರ್ ಹಚ್ಚುವವರ ಪಾಲಾಗಿತ್ತು. ಅದನ್ನು ತೊಳೆಸಿ, ಸುಣ್ಣ ಹೊಡೆಸಿ, ಓಣಿಯಲ್ಲಿ ಹೆಸರು ಮಾಡಿದ ಹೆಣ್ಣುಮಕ್ಕಳ ಚಿತ್ರ ಬರೆಸೋಣ ಎಂದು ಈ ವರ್ಷ ಓಣಿಯವರೆಲ್ಲ ಸೇರಿ ತೀರ್ಮಾನ ಮಾಡಿದೆವು. ತೀರ್ಮಾನ ಮಾಡಿದ್ದು ನಾನು, ಅವರು ಸೇರಿದ್ದರು.

ಮೂವರ ಹೆಸರಿಗೆ ಯಾರದೂ ತಕರಾರು ಇರಲಿಲ್ಲ. ಮುನ್ಸಿಪಾಲ್ಟಿ ಚುನಾವಣೆಗೆ ನಿಂತು ಸೋತು, ಮತ್ತೆ ನಿಂತು ಗೆದ್ದ ಚನ್ನಬಸಮ್ಮ. ಹೈದರಾಬಾದಿಗೆ ಹೋಗಿ ನರ್ಸಿಂಗ್ ಕಲಿತು ಬಂದು, ಅರ್ಧ ಓಣಿಯನ್ನು ತನ್ನ ಕೈಯಿಂದಲೇ ಭೂಮಿಗೆ ಇಳಿಸಿದ ನೂರಜಹಾನ್. ಮೂರನೆಯವಳು ನಮ್ಮವ್ವ. ಚನ್ನಬಸಮ್ಮನ ಮೊಮ್ಮಗ ವಿವೇಕಾನಂದ ಇನ್ನೊಂದು ಹೆಸರು ಹೇಳಿದ.

"ಮೂಲಿಮನಿ ಸೂಗಮ್ಮಾಯಿ ಅದಾಳಲ್ರೀ ಕಾಕಿ. ಆಗಿನವರ ಪೈಕಿ ಈಗ ಉಳಿದಾಕಿ ಅಕಿ ಒಬ್ಬಾಕಿನೇ. ಕಮಲಾಪುರದಾಗ ಅದಾಳ."

"ಅಕಿ ಏನು ಮಾಡ್ಯಾಳಪ್ಪ?" ಅಂದೆ. "ಹೊಸ್ತಿಲಾ ದಾಟಿದ್ದು ಯಾರರೆ ನೋಡೀರೇನು? ಬರೇ ಭಾಳ ದಿನ ಬದುಕಿದ್ರ ಗ್ವಾಡಿ ಮ್ಯಾಲ ಬರಸ್ತಾರೇನು?"

ವಿವೇಕಾನಂದ ಬ್ಯಾಂಕಿನಲ್ಲಿ ಮ್ಯಾನೇಜರ್. ಎದುರು ಕೂತವರಿಗೆ ಇಲ್ಲ ಅನ್ನುವುದು ಅವನಿಗೆ ರೂಢಿ, ಅನ್ನಿಸಿಕೊಳ್ಳುವುದು ರೂಢಿಯಿಲ್ಲ. ಮುಖ ಸಣ್ಣದು ಮಾಡಿಕೊಂಡ.

ಚಿತ್ರ ಬರೆಯುವವಳು ಸೌಂದರ್ಯಾ. ಚಿತ್ರಕಲಾ ಕಾಲೇಜಿನಲ್ಲಿ ಓದುತ್ತಾಳೆ, ಮಾತು ಕಡಿಮೆ, ಕಣ್ಣು ಚುರುಕು. ಒಂದು ಭಾನುವಾರ ಮೂರೂ ಮನೆಯವರು ಫೋಟೋ ತಂದರು. ವಿವೇಕಾನಂದ ಚೌಕಟ್ಟು ಹಾಕಿಸಿ ತಂದಿದ್ದ. ನೂರಜಹಾನಳ ಮೊಮ್ಮಗಳು ಗೌಸಿಯಾ, ನಮ್ಮ ಕೋರ್ಟಿನ ವಕೀಲೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದಳು. ನಾನು ದೇವರ ಕೋಣೆಯಿಂದ ನಮ್ಮವ್ವನ ಫೋಟೋ ಇಳಿಸಿ ತಂದೆ. ಇಲಾಖೆಯವರು ಸನ್ಮಾನ ಮಾಡಿದ ದಿನ ತೆಗೆದದ್ದು, ಭುಜದ ಮೇಲೆ ಶಾಲು ಇದೆ. ಮೂರೂ ಕಪ್ಪು ಬಿಳುಪು.

ಸೌಂದರ್ಯಾ ಮೂರನ್ನೂ ಪಡಸಾಲೆಯಲ್ಲಿ ಸಾಲಾಗಿ ಇಟ್ಟಳು. ಬಗ್ಗಿ ನೋಡಿದಳು, ಮತ್ತೆ ನೋಡಿದಳು.

"ಕಾಕಿ, ಮೂರೂ ಮಂದಿ ಒಂದೇ ಸೀರಿ ಉಟ್ಟಾರ."

"ಒಂದೇ ನಮೂನಿ ಇರಬೇಕು, ತಗಿ. ಆಗ ಪ್ಯಾಟ್ಯಾಗ ಇದ್ದದ್ದೇ ನಾಕು ನಮೂನಿ."

"ನಮೂನಿ ಅಲ್ರೀ, ಸೀರಿನೇ ಒಂದು." ಸೌಂದರ್ಯಾ ಬೆರಳು ಇಟ್ಟು ತೋರಿಸಿದಳು. ಸೆರಗಿನಲ್ಲಿ ಹೂವಿನ ಸಾಲು ಇತ್ತು. ಸಾಲಿನ ಕೊನೆಯ ಹೂವು ಮಾತ್ರ ಉಳಿದವುಗಳಿಗಿಂತ ಸಣ್ಣದು, ಸ್ವಲ್ಪ ಸೊಟ್ಟಗೆ, ಯಾರೋ ಕೈಯಿಂದ ಹೊಲಿದ ಹಾಗೆ. ಮೂರು ಫೋಟೋದಲ್ಲೂ ಅದೇ ಸೊಟ್ಟ ಹೂವು.

ಅಲ್ಲಿಂದ ಜಗಳ ಶುರುವಾಯಿತು. ಅದು ತನ್ನ ಅಜ್ಜಿಯ ಹಸಿರು ಸೀರೆ, ಗೆದ್ದ ವರ್ಷ ತೆಗೆದುಕೊಂಡದ್ದು ಎಂದು ವಿವೇಕಾನಂದ ಅಂದ. ಗುಲಾಬಿ ಬಣ್ಣದ್ದು, ತನ್ನ ನಾನಿ ಹೈದರಾಬಾದಿನಿಂದ ಬರುವಾಗ ತಂದದ್ದು ಎಂದು ಗೌಸಿಯಾ ಅಂದಳು. ಕಪ್ಪು ಬಿಳುಪು ಫೋಟೋ ಮುಂದಿಟ್ಟುಕೊಂಡು ಬಣ್ಣಕ್ಕೆ ಕಚ್ಚಾಡುವವರನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಎದ್ದು ಒಳಗೆ ಹೋಗಿ ಟ್ರಂಕು ತೆಗೆದು, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಸೀರೆಯನ್ನು ತಂದು ಅವರ ನಡುವೆ ಇಟ್ಟೆ. ನೇರಳೆಹಣ್ಣಿನಂಥ ಜಾಂಬಳಿ ಬಣ್ಣದ ರೇಷ್ಮೆ, ಬಂಗಾರದ ಅಂಚು, ಸೆರಗಿನಲ್ಲಿ ಸೊಟ್ಟ ಹೂವು.

ಅದು ನಮ್ಮವ್ವನ ಸೀರೆ. ನನಗೆ ಹತ್ತೊಂಬತ್ತು ತುಂಬುವ ಮೊದಲೇ ಅವಳು ತೀರಿಕೊಂಡಳು. ಅವಳ ಉಳಿದ ಸೀರೆಗಳನ್ನು ಯಾರು ಯಾರೋ ಒಯ್ದರು, ಬಳೆ ಬಂಗಾರ ಅವಳ ಜಡ್ಡಿನ ಔಷಧಕ್ಕೇ ಹೋಯಿತು. ನನ್ನ ಪಾಲಿಗೆ ಬಂದ ಅವ್ವ ಅಂದರೆ ಈ ಸೀರೆ ಒಂದೇ. ಅದರ ಸೆರಗಿನ ತುದಿಯಲ್ಲಿ ಅವಳೇ ಕಟ್ಟಿದ ಗಂಟು ಇತ್ತು. ಮುಟ್ಟಿದರೆ ಒಳಗೆ ಅಡಿಕೆ, ಅರಿಶಿಣದ ಕೊಂಬು ಕೈಗೆ ಹತ್ತುತ್ತಿದ್ದವು. ಸಾಯುವ ಮುಂಚೆ ನನಗೆಂದು ಮಡಿಲು ತುಂಬುವ ಉಡಿ ಕಟ್ಟಿಟ್ಟು ಹೋಗಿದ್ದಾಳೆ ಎಂದು ನಾನು ತಿಳಿದಿದ್ದೆ. ಉಡಬೇಕಾದರೆ ಗಂಟು ಬಿಚ್ಚಬೇಕು. ಅದಕ್ಕೇ ನನ್ನ ಮದುವೆಯಲ್ಲೂ ಉಡಲಿಲ್ಲ, ಮಕ್ಕಳ ಮದುವೆಯಲ್ಲೂ ಉಡಲಿಲ್ಲ.

"ನೋಡ್ರಿ" ಅಂದೆ. "ನಮ್ಮವ್ವನೇ ನಿಮ್ಮ ಮನಿಯವರಿಗಿ ಉಡಲಾಕ ಕೊಟ್ಟಾಳ. ಗ್ವಾಡಿ ಮ್ಯಾಲ ಅಕಿ ಚಿತ್ರ ನಡುವ ಬರಬೇಕು, ಒಂದು ಗೇಣು ದೊಡ್ಡದಿರಬೇಕು."

ವಿವೇಕಾನಂದ ಚೌಕಟ್ಟನ್ನು ಹಿಂದೆ ತಿರುಗಿಸಿ ನೋಡಿದ. ಇಲ್ಲ ಅನ್ನಲು ಕಾರಣ ಸಿಕ್ಕಾಗ ಬ್ಯಾಂಕಿನವರ ಮುಖದಲ್ಲಿ ಒಂದು ಕಳೆ ಬರುತ್ತದೆ.

"ಕಾಕಿ, ನಮ್ಮಾಯಿ ಈ ಫೋಟೋ ತಗಿಸಿದಾಗ ನಿಮ್ಮವ್ವ ಈ ಓಣಿಗಿ ಸೊಸಿ ಆಗಿ ಬಂದೇ ಇರಲಿಲ್ಲಲ್ರೀ. ಹ್ಯಾಂಗ ಕೊಟ್ಟಾಳು?"

ಹಾಗಾದರೆ ನಮ್ಮವ್ವ ಕಳ್ಳಿಯೇನು ಎಂದು ಕೂಗಾಡಿದೆ. ಅವನು ಹಾಗೆ ಅಂದಿರಲಿಲ್ಲ. ನನಗೇ ಒಳಗೆ ಹೆದರಿಕೆಯಾಗಿತ್ತು. ಸೀರೆ ಇನ್ನೊಬ್ಬರದು ಎಂದಾದರೆ ನನ್ನ ಟ್ರಂಕಿನಲ್ಲಿ ಅವ್ವನದು ಅನ್ನುವುದು ಏನೂ ಉಳಿಯುತ್ತಿರಲಿಲ್ಲ.

ಗೌಸಿಯಾ ವಕೀಲೆಯ ಹಾಗೆ ಮಾತಾಡಿದಳು. "ಕಾಕಿ, ಜಗಳ ಯಾಕ್ರೀ? ಸಾಕ್ಷಿ ಜೀವಂತ ಅದಾರ. ನಡೀರಿ ಕಮಲಾಪುರಕ್ಕ."

ಮರುದಿನ ಬೆಳಿಗ್ಗೆ ಗೌಸಿಯಾಳ ಕಾರಿನಲ್ಲಿ ಇಬ್ಬರೇ ಹೊರಟೆವು. ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ತೊಗರಿ ಹೊಲ ಹಳದಿಯಾಗಿ ಹೂ ಬಿಟ್ಟಿತ್ತು. ನಾನು ಅದನ್ನೂ ಬೈದೆ, ಕಾರು ಓಡಿಸುವುದನ್ನೂ ಬೈದೆ. ಗೌಸಿಯಾ ನಕ್ಕಳೇ ಹೊರತು ಎದುರಾಡಲಿಲ್ಲ. ಕಮಲಾಪುರದ ಹತ್ತಿರ ರಸ್ತೆ ಬದಿಯಲ್ಲಿ ಕೆಂಪು ಬಾಳೆಹಣ್ಣಿನ ಗಾಡಿಗಳು ಕಂಡವು. ಸೂಗಮ್ಮನ ಮನೆ ಯಾವುದು ಎಂದು ಅಲ್ಲೇ ಕೇಳಿಕೊಂಡೆವು.

ಸೂಗಮ್ಮ ದೊಡ್ಡವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು ಅಕ್ಕಿ ಆರಿಸುತ್ತಿದ್ದಳು. ತೊಂಬತ್ತರ ಹತ್ತಿರದ ಜೀವ, ಆದರೆ ಕನ್ನಡಕದ ಹಿಂದೆ ಕಣ್ಣು ನೆಟ್ಟಗೆ ನೋಡುತ್ತಿದ್ದವು. ತಲೆಯ ಮೇಲಿನ ತೊಲೆಯಿಂದ ಒಂದು ಬಾಳೆಗೊನೆ ತೂಗುತ್ತಿತ್ತು.

"ಯಾರ ಪೈಕಿ?" ಅಂದಳು.

"ಬ್ರಹ್ಮಪುರದಿಂದ ಬಂದೀವಿ ದೊಡ್ಡವ್ವ. ನಾ ಗುರುಬಾಯಿ ಮಗಳು ಮಲ್ಲಿಕಾ. ಈಕಿ ನೂರಜಹಾನ್ ಅವ್ರ ಮೊಮ್ಮಗಳು."

"ಫೋನಿನ ಗುರುಬಾಯಿ ಮಗಳಾ? ಬಾ, ಕುಂದ್ರು. ಎಷ್ಟ ದಪ್ಪ ಆಗಿ."

ನಾನು ಅದನ್ನು ನುಂಗಿಕೊಂಡೆ. ಬಟ್ಟೆ ಬಿಚ್ಚಿ ಸೀರೆಯನ್ನು ಅವಳ ಮುಂದೆ ಇಟ್ಟೆ.

"ಒಂದು ಮಾತು ಹೇಳ್ರಿ ಸಾಕು. ಇದು ನಮ್ಮವ್ವನ ಸೀರಿ ಹೌದಲ್ಲೋ?"

ಅವಳು ಮೊರವನ್ನು ಬದಿಗೆ ಸರಿಸಿದಳು. ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡು ಸೀರೆಯ ಮೇಲೆ ಇಟ್ಟಳು.

"ಬಂತಾ?" ಅಂದಳು.

"ಏನು ಬಂತು?"

"ನನ್ನ ಸೀರಿ."

ವಯಸ್ಸಾದವರಿಗೆ ನೆನಪು ಹಿಂದೆ ಮುಂದೆ ಆಗುತ್ತದೆ ಎಂದು ಏನೋ ಅಂದೆ. ದೊಡ್ಡವ್ವ ಸಿಟ್ಟಾಗಲಿಲ್ಲ. ಸೊಟ್ಟ ಹೂವನ್ನು ಹುಡುಕಿ ಹೆಬ್ಬೆರಳಿನಿಂದ ಸವರಿದಳು.

"ಮದುವ್ಯಾಗ ನಮ್ಮಪ್ಪ ತಂದದ್ದು. ಮೊದಲನೇ ದೀಪಾವಳಿಗಿ ದೀಪ ತಾಗಿ ಸುಟ್ಟಿತು. ಅತ್ತಿ ಬೈತಾಳಂತ ಹೆದರಿ ನಾನೇ ಹೂವು ಹೊಲದೆ. ಸೊಟ್ಟ ಆತು. ಹದಿನೈದು ವರ್ಷದ ಹುಡುಗಿ, ನನಗೇನು ಬರ್ತಿತ್ತು?"

ಅವಳ ಮೊಮ್ಮಗಳು ಚಹಾ ತಂದು ಇಟ್ಟಳು. ಯಾರೂ ಮುಟ್ಟಲಿಲ್ಲ. ದೊಡ್ಡವ್ವ ಹೇಳುತ್ತಾ ಹೋದಳು. ನಮ್ಮ ಓಣಿಯ ಮೂಲೆಮನೆಯಲ್ಲಿ ಅವಳ ಅತ್ತೆ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ನೀರಿಗೂ ಹಿಂದಿನ ಬಾಗಿಲು. ಪಕ್ಕದ ಮನೆಯ ಚನ್ನಬಸಮ್ಮ ಚುನಾವಣೆಗೆ ನಿಲ್ಲುವಾಗ ಅವಳ ಹತ್ತಿರ ಇದ್ದದ್ದು ತೇಪೆ ಹಾಕಿದ ನೂಲಿನ ಸೀರೆಗಳು. ಇವಳು ಗೋಡೆಯ ಮೇಲಿಂದ ಈ ಸೀರೆಯನ್ನು ದಾಟಿಸಿದಳು, ಆಮೇಲೆ ಓಣಿಯಲ್ಲಿ ಬೇಕೆಂದವರಿಗೆಲ್ಲ ಕೊಟ್ಟಳು.

"ರೇಷ್ಮಿ ಮಡಚಿ ಇಟ್ರ ಮಡಿಕಿಗಿ ಹರೀತದವ್ವ. ಉಟ್ಟು ಉಟ್ಟು ಬಿಚ್ಚಬೇಕು. ನನಗಂತೂ ಉಟ್ಕೊಂಡು ಹೋಗಲಾಕ ಜಾಗಾ ಇರಲಿಲ್ಲ. ಸೀರಿಯರೆ ಹೋಗಿ ಬರ್ಲಿ ಅಂದೆ."

ಆದರೆ ಎರಡು ಕಟ್ಟಳೆ ಮಾಡಿದ್ದಳಂತೆ. ತಿರುಗಿ ಕೊಡುವಾಗ ಬರಿ ಸೀರೆ ಕೊಡಬಾರದು, ಸೆರಗಿನ ತುದಿಗೆ ಅಕ್ಕಿ, ಅಡಿಕೆ, ಅರಿಶಿಣದ ಕೊಂಬು ಕಟ್ಟಿ ಕೊಡಬೇಕು. ಎರಡನೆಯದು, ಉಟ್ಟವಳು ಬಂದು ಕೂತು ಎಲ್ಲಿ ಹೋದೆ, ಯಾರು ಏನಂದರು, ಏನಾಯಿತು ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಹೇಳಬೇಕು.

"ಚನ್ನಬಸಮ್ಮ ಮುನ್ಸಿಪಾಲ್ಟಿ ಮೀಟಿಂಗು ನನ್ನ ಮುಂದ ಮಾಡಿ ತೋರಸ್ತಿದ್ಳು, ಗಂಡಸರ ಧ್ವನಿ ತಗದು. ನಿಮ್ಮ ನಾನಿ" ಎಂದು ಗೌಸಿಯಾಳ ಕಡೆ ತಿರುಗಿದಳು, "ನಿಮ್ಮ ನಾನಿ ಹೈದರಾಬಾದಿನ ದೊಡ್ಡ ದವಾಖಾನಿ ಹೇಳಿ ಹೇಳಿ ನನಗ ಅದರ ಮೆಟ್ಟಲಾ ಸುದ್ದಾ ಗೊತ್ತದ. ನಾ ಎಲ್ಲೂ ಹೋಗಿಲ್ಲ. ಆದ್ರ ನಾ ನೋಡಲಾರದ್ದು ಏನೂ ಇಲ್ಲ."

ಗೌಸಿಯಾ ಅವಳ ಕೈ ಹಿಡಿದುಕೊಂಡಳು. ನಾನು ಮಾತ್ರ ಸೋಲಲು ತಯಾರಿರಲಿಲ್ಲ. ಸೆರಗಿನ ತುದಿಯನ್ನು ಎಳೆದು ಗಂಟನ್ನು ತೋರಿಸಿದೆ.

"ಹಂಗಿದ್ರ ಇದು ಯಾಕ? ನಮ್ಮವ್ವ ಸಾಯೂ ಮುಂದ ನನಗಂತ ಉಡಿ ಕಟ್ಟಿ ಇಟ್ಟು ಹೋಗ್ಯಾಳ. ಇನ್ನೊಬ್ಬರ ಸೀರ‍್ಯಾಗ ಮಗಳಿಗಿ ಯಾರರೆ ಉಡಿ ಕಟ್ತಾರೇನು?"

ದೊಡ್ಡವ್ವ ಗಂಟನ್ನು ನೋಡಿದ್ದೇ ಕನ್ನಡಕ ತೆಗೆದಳು. ಕಣ್ಣು ಒರೆಸಿಕೊಂಡಳು.

"ಕಟ್ಟಿದ್ಳೇನು?" ಅಂದಳು. "ನಿನಗಲ್ಲವ್ವಾ ಅದು, ನನಗ. ಆ ವರ್ಷನೇ ನಾವು ಓಣಿ ಬಿಟ್ಟು ಇಲ್ಲಿಗಿ ಬಂದ್ವಿ. ಸನ್ಮಾನ ಮುಗಿಸಿ ಕಮಲಾಪುರಕ್ಕೇ ಬಂದು ಕೊಡ್ತೀನಿ, ಬಾಳಿಹಣ್ಣು ತಿಂದು ಹೋಗ್ತೀನಿ ಅಂದಿದ್ಳು. ಅಷ್ಟರಾಗ ದವಾಖಾನಿ ಸೇರಿದ್ಳು. ನಿಮ್ಮವ್ವ ಸೀರಿ ಮರತಿದ್ಳು ಅಂತ ನಾ ತಿಳಕೊಂಡಿದ್ದೆ. ಮರತಿಲ್ಲ. ಕಟ್ಟಿ ತಯಾರ ಇಟ್ಟಿದ್ಳು."

"ನೀವು ಕೇಳಬೇಕಾಗಿತ್ತಲ್ರೀ."

"ಅವ್ವ ಹೋದ ಹುಡುಗಿ ಮುಂದ ನಿಂತು ಸೀರಿ ಕೇಳ್ತಾರೇನು? ಇರ್ಲಿ, ಉಟ್ಕೊಳ್ಲಿ ಅಂದೆ."

ಉಟ್ಟೇ ಇಲ್ಲ ಎಂದು ಹೇಳಿದೆ. ಗಂಟು ಬಿಚ್ಚಲು ಮನಸ್ಸಾಗದೆ ಹಾಗೇ ಇಟ್ಟಿದ್ದೆ ಅಂದೆ. ಆಗ ನೋಡಿ, ಮುದುಕಿಗೆ ಮೊದಲ ಸಲ ಸಿಟ್ಟು ಬಂದದ್ದು. ಸೀರೆಯನ್ನು ಬೆಳಕಿಗೆ ಹಿಡಿದಳು. ಮಡಿಕೆಯ ಗೆರೆಯುದ್ದಕ್ಕೂ ಅಲ್ಲಲ್ಲಿ ರೇಷ್ಮೆ ಸೀಳಿತ್ತು.

"ಮಡಿಕಿಯರೆ ಬದಲಿ ಮಾಡಬಾರದೇನು? ಊರಿಗೆಲ್ಲಾ ಬುದ್ಧಿ ಹೇಳೂ ಮುಖ ಕಾಣಸ್ತದ ನಿಂದು, ಇಷ್ಟು ತಿಳೀಲಿಲ್ಲೇನು?"

ನನ್ನನ್ನು ಹೀಗೆ ಬೈದವರು ನಮ್ಮವ್ವನ ನಂತರ ಯಾರೂ ಇರಲಿಲ್ಲ. ನನಗೆ ಅಳು ಬಂತು. ನಾಚಿಕೆಯಿಲ್ಲದೆ ಅತ್ತೆ.

ದೊಡ್ಡವ್ವ ನನ್ನನ್ನು ಅಳಲು ಬಿಟ್ಟಳು. ಆಮೇಲೆ ಗಂಟು ಬಿಚ್ಚು ಅಂದಳು. ಗಂಟು ಬಿಗಿದು ಕಲ್ಲಾಗಿತ್ತು, ಉಗುರಿನಿಂದ ಬಿಡಿಸಿದೆ. ಅಕ್ಕಿ ನುಸಿ ಹಿಡಿದು ಹಿಟ್ಟಾಗಿತ್ತು. ಅಡಿಕೆಯೂ ಅರಿಶಿಣದ ಕೊಂಬೂ ಹಾಗೇ ಇದ್ದವು. ದೊಡ್ಡವ್ವ ಆ ಹಿಟ್ಟನ್ನು ಚೆಲ್ಲದೆ ತನ್ನ ಉಡಿಯಲ್ಲಿ ಹಾಕಿಸಿಕೊಂಡಳು.

"ಒಂದು ಕಟ್ಟಳಿ ಮುಗೀತು. ಇನ್ನೊಂದು ಉಳೀತಲ್ಲ. ನಿಮ್ಮವ್ವಗ ಅವತ್ತು ಏನಾತು, ನನಗ ಇನ್ನೂ ಗೊತ್ತಿಲ್ಲ. ನೀ ಹೋಗಿದ್ದೇನು?"

ಹೋಗಿದ್ದೆ. ಪಿಯುಸಿ ಓದುತ್ತಿದ್ದೆ, ಮುಂದಿನ ಸಾಲಿನಲ್ಲೇ ಕೂತಿದ್ದೆ. ಆ ದಿನದ ಬಗ್ಗೆ ಇಷ್ಟು ವರ್ಷ ನನ್ನನ್ನು ಯಾರೂ ಕೇಳಿರಲಿಲ್ಲ. ಮೂಗು ಒರೆಸಿಕೊಂಡು ಹೇಳಿದೆ. ಸೀರೆ ಜಾರೀತೆಂದು ಅವ್ವ ರಿಕ್ಷಾದಲ್ಲಿ ಅಲುಗದೆ ಕೂತದ್ದು. ವೇದಿಕೆಯ ಮೇಲೆ ಗಂಡಸರ ನಡುವೆ ಅವಳೊಬ್ಬಳೇ ಹೆಣ್ಣು. ಶಾಲು ಹೊದಿಸಿದ ಸಾಹೇಬರು ಅವಳ ಹೆಸರನ್ನು ಗೌರಾಬಾಯಿ ಮಾಡಿದರು, ಅವ್ವ ತಲೆ ಎತ್ತಿ "ಗುರುಬಾಯಿ" ಎಂದು ತಿದ್ದಿದಳು. ಆಮೇಲೆ ಎರಡು ಮಾತು ಆಡಿರಿ ಎಂದು ಮೈಕು ಕೊಟ್ಟರು. ಹಗಲೆಲ್ಲ ಮಾತು ದಾಟಿಸುವ ನಮ್ಮವ್ವನಿಗೆ ತನ್ನದು ಅನ್ನುವ ಮಾತು ಒಂದೂ ಬರಲಿಲ್ಲ. ಸಭೆ ಕಾಯಿತು. ಕೊನೆಗೆ ಬಾಯಿಂದ ರೂಢಿಯ ಮಾತೇ ಬಂತು, "ನಂಬರ್ ಪ್ಲೀಸ್."

ಗೌಸಿಯಾ ಫಕ್ಕನೆ ನಕ್ಕಳು. ದೊಡ್ಡವ್ವನಿಗೆ ಅದರ ಅರ್ಥ ಹೇಳಬೇಕಾಯಿತು. ತಿಳಿದದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕಳು, ನಕ್ಕು ನಕ್ಕು ಕೆಮ್ಮು ಬಂತು.

"ಮುಂದ?"

"ಸಭಾನೇ ನಕ್ಕಿತು ದೊಡ್ಡವ್ವ. ಅವ್ವಾನೂ ನಕ್ಕಳು. ಆಮ್ಯಾಲ ಎಲ್ಲಾರೂ ಎದ್ದು ನಿಂತು ಚಪ್ಪಾಳಿ ಹೊಡದ್ರು. ಮನಿಗಿ ಬರೂ ಮುಂದ ರಿಕ್ಷಾದಾಗ, ಇದನ್ನ ಮೂಲಿಮನಿಯಾಕಿಗಿ ಹೇಳಬೇಕು ಅಂದಿದ್ಳು. ಯಾರಿಗಿ ಅಂತ ನನಗ ಆಗ ಲಕ್ಷ್ಯ ಇರಲಿಲ್ಲ."

ದೊಡ್ಡವ್ವ ಅಡಿಕೆ ಮತ್ತು ಕೊಂಬನ್ನು ನನ್ನ ಅಂಗೈಯಲ್ಲಿ ಇಟ್ಟು ಬೆರಳು ಮಡಚಿದಳು. "ಸೀರಿ ನಂದು. ಗಂಟು ನಿಮ್ಮವ್ವಂದು. ಇದು ನಿನ್ನ ಹಂತೇಕೇ ಇರ್ಲಿ."

ನಾನು ಗೋಡೆಯ ವಿಷಯ ಹೇಳಿದೆ. ನಿಮ್ಮ ಚಿತ್ರವೂ ಬರಬೇಕು ಅಂದೆ. ಈ ವಯಸ್ಸಿನವರು ಬ್ಯಾಡ ಬ್ಯಾಡ ಅನ್ನುತ್ತಾರೆ, ನಾವು ಒತ್ತಾಯ ಮಾಡಬೇಕು, ಅದು ರಿವಾಜು. ಈ ಮುದುಕಿ ಹಾಗೆ ಮಾಡಲಿಲ್ಲ.

"ಬರಸ್ರಿ" ಅಂದಳು. "ಎಲ್ಲಾರೂ ನನ್ನ ಸೀರಿ ಉಟ್ಟು ಫೋಟೋ ತಗಿಸಿಕೊಂಡ್ರು. ಸೀರಿ ಇದ್ದಾಕಿ ನಾ ಒಬ್ಬಾಕಿ ಉಳದೆ. ಭಾಳ ಆಸಿ ಇತ್ತು."

ನಾನೂ ಗೌಸಿಯಾಳೂ ಮೊಮ್ಮಗಳೂ ಸೇರಿ ಅವಳಿಗೆ ಸೀರೆ ಉಡಿಸಿದೆವು. ಸೀಳಿದ ಕಡೆ ಒಳಗೆ ಹೋಗುವ ಹಾಗೆ ನೆರಿಗೆ ಹಿಡಿದೆ. ಬಾಳೆಗೊನೆಯ ಕೆಳಗೆ ಕುರ್ಚಿ ಹಾಕಿ ಕೂರಿಸಿದೆವು. ಸೊಟ್ಟ ಹೂವು ಕಾಣುವ ಹಾಗೆ ಸೆರಗನ್ನು ಅವಳೇ ಮುಂದೆ ಎಳೆದುಕೊಂಡಳು. ಗೌಸಿಯಾ ಮೊಬೈಲಿನಲ್ಲಿ ಫೋಟೋ ತೆಗೆದಳು. ತೋರಿಸಿದರೆ, "ನಕ್ಕೀನಲ್ಲ, ಇನ್ನೊಂದು ತಗಿ" ಅಂದಳು. ನಗದ ಫೋಟೋ ಒಂದೂ ಬರಲಿಲ್ಲ.

ಹೊರಡುವಾಗ ಉದ್ಘಾಟನೆಗೆ ಕಾರು ಕಳಿಸುತ್ತೇವೆ, ಬರಬೇಕು ಅಂದೆವು.

"ಕಾರಿನಾಗ ಕುಂತ್ರ ನನಗ ವಾಂತಿ ಬರ್ತದ. ಮೊಣಕಾಲೂ ಏಳಂಗಿಲ್ಲ." ಸೀರೆಯನ್ನು ಹೊಸ ಮಡಿಕೆ ಹಾಕಿ ಬಿಳಿ ಬಟ್ಟೆಯಲ್ಲಿ ಸುತ್ತುತ್ತಿದ್ದಳು. "ನೀ ಅವತ್ತು ಏನು ಉಡ್ತಿ?"

"ಏನರೆ ಉಡ್ತೀನಿ ದೊಡ್ಡವ್ವ."

"ಏನರೆ ಯಾಕ?" ಎಂದು ಸುತ್ತಿದ ಸೀರೆಯನ್ನು ನನ್ನ ಕೈಗೆ ಕೊಟ್ಟಳು. "ಹರದಲ್ಲಿ ರಫೂ ಮಾಡಸು. ಉಟ್ಟು, ತಿರುಗಿ ತಂದು ಕೊಡು. ಕಟ್ಟಳಿ ಗೊತ್ತದಲ್ಲ?"

ರಫೂ ಮಾಡುವ ಇನಾಯತ್ ಸೊಟ್ಟ ಹೂವನ್ನೂ ನೆಟ್ಟಗೆ ಮಾಡಿಕೊಡುತ್ತೇನೆ ಅಂದ. ಅದರ ತಂಟೆಗೆ ಹೋದರೆ ನಿನ್ನ ಅಂಗಡಿಯ ಮುಂದೆ ಕೂತು ಬೈಯುತ್ತೇನೆ ಎಂದು ಹೇಳಿ ಬಂದೆ. ಸೌಂದರ್ಯಾ ನಾಲ್ವರನ್ನೂ ಒಂದೇ ಅಳತೆಯಲ್ಲಿ ಬರೆದಳು, ನಾಲ್ವರಿಗೂ ಜಾಂಬಳಿ ಸೀರೆ. ವಿವೇಕಾನಂದ ಹಸಿರು ಅಂತ ಒಂದು ಸಲ ಅಂದು ನೋಡಿ, ನನ್ನ ಮುಖ ಕಂಡು ಬಿಟ್ಟ. ಸೂಗಮ್ಮಾಯಿಯ ಹೆಸರು ಮೊದಲು ಹೇಳಿದವನು ತಾನೇ ಎಂದು ಈಗಲೂ ಓಣಿಯಲ್ಲಿ ಹೇಳಿಕೊಂಡು ತಿರುಗುತ್ತಾನೆ. ಅದು ನಿಜ, ಹಾಗಾಗಿ ನಾನು ಏನೂ ಅನ್ನುವುದಿಲ್ಲ.

ಉದ್ಘಾಟನೆ ಮುಗಿದ ಮರುದಿನವೇ ಸೆರಗಿನ ತುದಿಗೆ ಹೊಸ ಅಕ್ಕಿ, ಅಡಿಕೆ, ಅರಿಶಿಣದ ಕೊಂಬು ಕಟ್ಟಿದೆ. ಪೇಟೆಯಿಂದ ಸಿಹಿ ಮಾಲ್ಪುರಿ ಕಟ್ಟಿಸಿಕೊಂಡು ಒಬ್ಬಳೇ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆ. ದೊಡ್ಡವ್ವ ಅದೇ ಜಾಗದಲ್ಲಿ ಕೂತಿದ್ದಳು. ಸೀರೆಯನ್ನು ಅವಳ ಉಡಿಯಲ್ಲಿ ಇಟ್ಟೆ. ಅವಳು ಮೊದಲು ಗಂಟನ್ನು ಮುಟ್ಟಿ ನೋಡಿ ಸಮಾಧಾನಪಟ್ಟಳು.

"ಭಾಳ ಛಲೋ ಆತು ದೊಡ್ಡವ್ವ. ಮಂದಿ ಭಾಳ ಬಂದಿದ್ರು" ಅಂದೆ.

"ಹಂಗ ಹೇಳಿದ್ರ ನಡಿಯಂಗಿಲ್ಲ" ಅಂದಳು. ಪಕ್ಕದ ಚಾಪೆಯನ್ನು ಸರಿಮಾಡಿ, ಕೈ ಹಿಡಿದು ನನ್ನನ್ನು ಕೂರಿಸಿಕೊಂಡಳು. "ಮನ್ಯಾಗ ಸೀರಿ ಉಟ್ಟಿ. ಹೊಸ್ತಿಲಾ ದಾಟಿದಿ. ಅಲ್ಲಿಂದ ಹೇಳು."